ಕಡಲ ದೇವರ ಗದ್ದೆಯಲ್ಲಿ ನಾಟಿ

ಒಸಾಕಾ ನಗರದ ಒಳಗೇ ಸುಮಾರು ಅರ್ಧ ಎಕರೆ ಭತ್ತದ ಗದ್ದೆ ಇದೆ. ಸುಮಿಯೋಶಿ ತೈಶಾ ಎಂಬ, ಜಪಾನಿನ ಮೂಲಧರ್ಮ ಶಿಂಟೋದ ದೇವಾಲಯದ್ದು. ಈ ಕ್ಷೇತ್ರದ ದೇವರುಗಳು ಹಡಗು ಕಾಯುವವರು. 1810ರಲ್ಲಿ ಕಟ್ಟಿದ ಈಗಿನ ಗುಡಿಗಳು ಪಶ್ಚಿಮಕ್ಕೆ, ಕಡಲಿನತ್ತ ಮುಖ ಮಾಡಿವೆ. ಮಣ್ಣು ತುಂಬಿ ತುಂಬಿ ಕಡಲನ್ನು ದೂರ ತಳ್ಳಿದ್ದಾಯಿತು. ಗದ್ದೆಯನ್ನು ಮಾತ್ರ ಯಾರೂ ಮುಟ್ಟಿಲ್ಲ.

ಪ್ರತಿ ವರ್ಷ ಜೂನ್ 14ರ ಮಧ್ಯಾಹ್ನ ಇಲ್ಲಿ ನಾಟಿ. ಹೆಸರು ಒತಾಉಎ. ಸಾಮ್ರಾಜ್ಞಿ ಜಿಂಗು ನಾಗಾತೊ ಸೀಮೆಯಿಂದ ನಾಟಿಯ ಹೆಂಗಸರನ್ನು ಕರೆಸಿ ಇದನ್ನು ಆರಂಭಿಸಿದಳು ಎಂಬುದು ಐತಿಹ್ಯ. 1979ರಲ್ಲಿ ಸರ್ಕಾರ ಇದನ್ನು ರಾಷ್ಟ್ರದ ಮಹತ್ವದ ಜನಪದ ಪರಂಪರೆಯೆಂದು ಘೋಷಿಸಿತು.

ಮೊದಲು ಸಿಂಗರಿಸಿದ ಎತ್ತು ಕೆಸರಿಗೆ ಇಳಿಯುತ್ತದೆ. ಒಂದೇ ಎತ್ತು! ತೀರ್ಥಹಳ್ಳಿ ಕಡೆ ಜೋಡಿ ಎತ್ತು, ನೊಗ ನೋಡಿ ಬೆಳೆದ ನನಗೆ ಆ ಒಂಟಿ ಎತ್ತನ್ನು ಕಂಡು ಪಾಪ ಎನಿಸಿತು. ದೇವರ ಮುಂದಿಟ್ಟು ಪೂಜಿಸಿದ ಸಸಿಯನ್ನು ರೇಷ್ಮೆಯುಟ್ಟ ಉಎಮೆಯರು, ಅಂದರೆ ಹೆಸರಿಗೆ ನಾಟಿಯ ಹೆಂಗಸರು, ಬದುವಿನವರೆಗೆ ತಂದು, ಕೆಸರಿಗಿಳಿಯುವ ಹೆಂಗಸರಿಗೆ ಒಪ್ಪಿಸುತ್ತಾರೆ. ಅಲ್ಲಿಗೆ ಅವರ ಕೆಲಸ ಮುಗಿಯಿತು.

ಆಮೇಲೆ ಜನರ ಕಣ್ಣೆಲ್ಲ ಗದ್ದೆಯ ನಡುವಿನ ವೇದಿಕೆಯ ಮೇಲೆ. ಎಂಟು ಕನ್ಯೆಯರ ನೃತ್ಯ, ಕವಚ ತೊಟ್ಟ ಯೋಧರು, ಬದುವಿನ ಮೇಲೆ ಕೋಲು ಹಿಡಿದು ಬಡಿದಾಡುವ ಹುಡುಗರು. ಕೊನೆಗೆ ದೊಡ್ಡ ಛತ್ರಿಯ ಕಾವಿಗೆ ತಾಳ ಕುಟ್ಟುತ್ತಾ ಒಬ್ಬರು ಹಾಡಿದರೆ, ಬೀಸಣಿಗೆ ಹಿಡಿದ ಹುಡುಗಿಯರು ಸುತ್ತ ಕುಣಿಯುತ್ತಾರೆ. ಈ ಹಾಡು ಕುಣಿತದಿಂದಲೇ ಸಸಿಗೆ ಕಸುವು ಬರುತ್ತದೆ ಎಂಬುದು ನಂಬಿಕೆ.

ನಾನು ನೋಡುತ್ತಿದ್ದುದು ನಾಟಿ ಮಾಡುವವರ ಕೈಗಳನ್ನು. ಎಡಗೈಯಲ್ಲಿ ಕಟ್ಟು, ಬಲಗೈ ನಾಲ್ಕಾರು ಸಸಿ ಬಿಡಿಸಿಕೊಂಡು, ಹೆಬ್ಬೆರಳು ಬೇರಿನ ಬುಡವನ್ನು ಒತ್ತಿ, ಆಗಲೇ ಮುಂದಿನ ಗೇಣಿಗೆ ಸರಿದಿರುತ್ತದೆ. ಹಗುರವಾಗಿ ನೆಟ್ಟರೆ ಸಸಿ ತೇಲುತ್ತದೆ, ದೇವರ ಗದ್ದೆಯಾದರೂ ಅಷ್ಟೇ. ನಮ್ಮಲ್ಲಿ ನಾಟಿಯ ಪದಗಳನ್ನು ಬೆನ್ನು ಬಗ್ಗಿಸಿದವರೇ ಹಾಡುತ್ತಿದ್ದರು. ಇಲ್ಲಿ ಹಾಡು ವೇದಿಕೆಯವರ ಪಾಲು, ಕೆಸರಿನವರದು ಬಾಯಿ ಮುಚ್ಚಿದ ದುಡಿಮೆ. ಕ್ಯಾಮೆರಾಗಳೂ ಅವರ ಕಡೆ ತಿರುಗಲಿಲ್ಲ. ನನಗೆ ಅದು ಸರಿ ಕಾಣಲಿಲ್ಲ.

ಅಕ್ಟೋಬರ್ 17ಕ್ಕೆ ಇದೇ ಗದ್ದೆಯ ಮೊದಲ ತೆನೆಗಳನ್ನು ಕೊಯ್ದು ದೇವರಿಗೆ ಒಪ್ಪಿಸುತ್ತಾರೆ. ಆ ದಿನ ಹೋಗಿ, ನಡುವಿನ ನಾಲ್ಕು ತಿಂಗಳು ಕಳೆ ಕಿತ್ತವರು ಯಾರು ಎಂದು ವಿಚಾರಿಸಬೇಕೆಂದಿದ್ದೇನೆ.