ಮುಖ ಕಾಣದ ಹಡಗಿನಲ್ಲಿ ಐದು ರಾತ್ರಿ

ಅಕ್ಟೋಬರ್ 15, 2021, ಶುಕ್ರವಾರ

ರಾತ್ರಿ ಹತ್ತಾಯಿತು. ಈಗಷ್ಟೇ ಮೇಲ್ ಬಂತು. ಅಮ್ಮನದೂ ನೆಗೆಟಿವ್, ನನ್ನದೂ ನೆಗೆಟಿವ್.

ಕ್ರೂಸ್ ಹಡಗು, ಅಂದರೆ ಪ್ರವಾಸದ ಹಡಗು, ಹತ್ತುವುದಕ್ಕೆ ಮುಂಚಿನ ಎರಡು ದಿನದೊಳಗೆ ಕೋವಿಡ್ ಪರೀಕ್ಷೆ ಮಾಡಿಸಿರಬೇಕು. ಲಸಿಕೆ ಹಾಕಿಸಿಕೊಂಡವರಿಗೂ ಇದೇ ನಿಯಮ. ನಾವು ಹತ್ತುವುದು ಭಾನುವಾರ. ನಿನ್ನೆ ಮಾಡಿಸಿದ್ದರೆ ಲೆಕ್ಕಕ್ಕಿಲ್ಲ, ನಾಳೆ ಮಾಡಿಸಿದರೆ ಫಲಿತಾಂಶ ಸಮಯಕ್ಕೆ ಬರುತ್ತೋ ಇಲ್ಲವೋ. ಹಾಗಾಗಿ ಇವತ್ತೇ ಆಗಬೇಕಿತ್ತು. ಬೆಳಗ್ಗೆಯಿಂದ ಫೋನ್ ಹಿಡಿದುಕೊಂಡೇ ಕೂತಿದ್ದೆ. ಬಟ್ಟೆ ಜೋಡಿಸಲೂ ಮನಸ್ಸಾಗಲಿಲ್ಲ. ಜೋಡಿಸಿ ಮತ್ತೆ ತೆಗೆದಿಡುವ ಹಾಗಾದರೆ?

ಒಮ್ಮೆ ಹಾಗೇ ಆಗಿದೆ. ಈ ಪ್ರವಾಸ ನಿಜಕ್ಕೂ 2020ರ ಏಪ್ರಿಲ್‌ನದು. ಆ ವರ್ಷ ಮಾರ್ಚ್ 14ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕ್ರೂಸ್ ಹಡಗುಗಳನ್ನು ನಿಲ್ಲಿಸಿತು. ಮೊದಲು ಮೂವತ್ತು ದಿನ ಅಂದರು. ಆಮೇಲೆ ಮುಂದಕ್ಕೆ, ಮತ್ತೆ ಮುಂದಕ್ಕೆ. ನಮ್ಮ ಟಿಕೆಟ್ಟಿನ ದಿನ ಮೂರು ಸಲ ಬದಲಾಯಿತು. ಕೊನೆಗೆ 2021ರ ಜೂನ್ 26ರಂದು ಸೆಲೆಬ್ರಿಟಿ ಎಡ್ಜ್ ಎಂಬ ಹಡಗು ಪ್ರಯಾಣಿಕರನ್ನು ಹತ್ತಿಸಿಕೊಂಡು ಫೋರ್ಟ್ ಲಾಡರ್‌ಡೇಲ್‌ನಿಂದ ಹೊರಟಿತು. ಅಮೆರಿಕದ ಬಂದರಿನಿಂದ ಮತ್ತೆ ಹೊರಟ ಮೊದಲ ದೊಡ್ಡ ಹಡಗು ಅದು. ಅಮ್ಮ ಆ ಸುದ್ದಿ ಓದಿ, "ನಮ್ಮದೂ ಹೊರಡುತ್ತೆ ಬಿಡು" ಅಂದಿದ್ದಳು.

ನನಗೆ ಹೆದರಿಕೆ ಇದ್ದೇ ಇದೆ. 2020ರ ಫೆಬ್ರುವರಿಯಲ್ಲಿ ಜಪಾನಿನ ಯೊಕೊಹಾಮಾ ಬಂದರಿನಲ್ಲಿ ನಿಂತಿದ್ದ ಡೈಮಂಡ್ ಪ್ರಿನ್ಸೆಸ್ ಹಡಗು ಯಾರಿಗೆ ಮರೆತುಹೋಗುತ್ತೆ? ಹಡಗಿನಲ್ಲಿ ಇದ್ದವರು 3,711 ಜನ, ಸೋಂಕು ತಗಲಿದ್ದು 700ಕ್ಕೂ ಜಾಸ್ತಿ ಜನರಿಗೆ. ಕಿಟಕಿಯೂ ಇಲ್ಲದ ಕ್ಯಾಬಿನ್‌ಗಳಲ್ಲಿ ಜನ ದಿನ ಎಣಿಸುತ್ತಾ ಕೂತಿದ್ದರು. ಈ ಸಲ ಜಾಸ್ತಿ ದುಡ್ಡು ಕೊಟ್ಟು ಬಾಲ್ಕನಿ ಇರುವ ಕ್ಯಾಬಿನ್ ತೆಗೆದುಕೊಂಡೆ. ಒಳಗೇ ಇರಿ ಅಂದರೂ ಅಮ್ಮನಿಗೆ ಗಾಳಿ ಇರಲಿ ಅಂತ.

ಅಕ್ಟೋಬರ್ 17, ಭಾನುವಾರ

ಮಯಾಮಿ ಬಂದರು. ಎಲ್ಲರಿಗೂ ಅರ್ಧ ಗಂಟೆಯ ಸಮಯ ಕೊಟ್ಟಿದ್ದರು, ಅದಕ್ಕೇ ನೂಕುನುಗ್ಗಲು ಇರಲಿಲ್ಲ. ಪಾಸ್‌ಪೋರ್ಟ್, ಲಸಿಕೆ ಕಾರ್ಡ್, ಪರೀಕ್ಷೆಯ ಕಾಗದ. ಮೂರನ್ನೂ ನೋಡಿದ ಹುಡುಗಿ ಅಮ್ಮನಿಗೆ ಏನೋ ಹೇಳಿದಳು. ಮಾಸ್ಕ್, ನಡುವೆ ಗಾಜು, ಅಮ್ಮನಿಗೆ ಕೇಳಿಸಲಿಲ್ಲ. ಹುಡುಗಿ ಪಕ್ಕಕ್ಕೆ ಬಂದು ಮತ್ತೆ ಹೇಳಿದಳು: "ನೀವು ಬಂದಿದ್ದಕ್ಕೆ ಥ್ಯಾಂಕ್ಸ್." ಯಾಕೋ ನನ್ನ ಗಂಟಲು ಕಟ್ಟಿತು.

ಹತ್ತಿದ ತಕ್ಷಣ ಮಾಡಬೇಕಾದ್ದು ಮಸ್ಟರ್ ಡ್ರಿಲ್, ಅಂದರೆ ಅಪಾಯ ಬಂದರೆ ಎಲ್ಲಿ ಸೇರಬೇಕು, ಏನು ಮಾಡಬೇಕು ಅನ್ನುವ ಅಭ್ಯಾಸ. ಇದು ಪೂರ್ತಿ ಬದಲಾಗಿದೆ. ಮೊದಲೆಲ್ಲ ಹಡಗು ಹೊರಡುವ ಮುಂಚೆ ಸಾವಿರಾರು ಜನರನ್ನು ಲೈಫ್‌ಬೋಟುಗಳ ಕೆಳಗೆ ಒಟ್ಟಿಗೆ ನಿಲ್ಲಿಸುತ್ತಿದ್ದರು. ಬಿಸಿಲು, ಸೆಕೆ, ಅಳುವ ಮಕ್ಕಳು. ಈಗ ಫೋನಿನಲ್ಲೇ ವಿಡಿಯೊ ನೋಡಬೇಕು. ಹಡಗಿನ ಸೈರನ್ನಿನ ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು, ಅದು ಅಪಾಯದ ಗುರುತು. ಆಮೇಲೆ ನಮ್ಮ ಜಾಗಕ್ಕೆ ನಾವೇ ಹೋಗಿ ಹಾಜರಿ ಹಾಕಿಸಿಕೊಂಡು ಬಂದರೆ ಮುಗಿಯಿತು. ಹತ್ತು ನಿಮಿಷವೂ ಬೇಕಾಗಲಿಲ್ಲ.

ಇಷ್ಟು ಸುಲಭವಾಗಿದ್ದು ಒಳ್ಳೆಯದೇ. ಆದರೆ ವಿಡಿಯೊ ಓಡಿಸಿಬಿಟ್ಟು ಬೇರೆ ಕಡೆ ನೋಡುತ್ತಾ ಕೂತವರೂ ಕಂಡರು. ಅದು ನನಗೆ ಹಿಡಿಸಲಿಲ್ಲ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲ್ಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದು ಮಗುಚಿತು, 32 ಜನ ಸತ್ತರು. ಅವತ್ತೇ ಹತ್ತಿದ್ದ ನೂರಾರು ಜನರಿಗೆ ಡ್ರಿಲ್ಲೇ ಆಗಿರಲಿಲ್ಲ. ಹೊರಡುವ ಮೊದಲೇ ಡ್ರಿಲ್ ಆಗಬೇಕು ಎಂಬ ನಿಯಮ ಬಿಗಿಯಾಗಿದ್ದು ಆಮೇಲೆ. ಅಮ್ಮನಿಗೆ ಇದನ್ನು ಹೇಳಿದೆ. ಅವಳು ವಿಡಿಯೊವನ್ನು ಇನ್ನೊಮ್ಮೆ ಪೂರ್ತಿ ನೋಡಿದಳು. ಆಮೇಲೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಕೆಳಗಿಳಿದು ದಾರಿ ನೋಡಿಕೊಂಡು ಬಂದಳು. ಅವಳಿಗೆ 71.

ಸಂಜೆ ಹಡಗು ಕದಲಿದಾಗ ಕೆಳಗೆ ಹಗ್ಗ ಬಿಚ್ಚಿದ ಕೆಲಸಗಾರರು ನಿಂತು ಕೈ ಬೀಸಿದರು. ಅರ್ಧಕ್ಕಿಂತ ಕಡಿಮೆ ಪ್ರಯಾಣಿಕರಿದ್ದಾರೆ ಅಂತ ಕ್ಯಾಪ್ಟನ್ ಹೇಳಿದರು. ಡೆಕ್ ಮೇಲೆ ಕುರ್ಚಿಗಳ ಸಾಲು ಸಾಲೇ ಖಾಲಿ.

ಅಕ್ಟೋಬರ್ 18, ಸೋಮವಾರ, ಸಮುದ್ರದಲ್ಲಿ

ಖಾಲಿ ಹಡಗು ಅಂದರೆ ಎಷ್ಟು ಚೆನ್ನ ಅಂತ ಬೆಳಗ್ಗೆ ಅನಿಸಿತು. ಈಜುಕೊಳದಲ್ಲಿ ನಾಲ್ಕೇ ಜನ. ಲಿಫ್ಟಿನಲ್ಲಿ ಒಂದು ಕುಟುಂಬಕ್ಕೆ ಮಾತ್ರ ಜಾಗ. ಬಫೆಯಲ್ಲಿ ನಾವೇ ಬಡಿಸಿಕೊಳ್ಳುವಂತಿಲ್ಲ, ಗಾಜಿನ ಹಿಂದೆ ನಿಂತವರು ಬಡಿಸುತ್ತಾರೆ. ಇದು ಹೀಗೇ ಉಳಿಯಲಿ. ನೂರು ಜನ ಮುಟ್ಟಿದ ಚಮಚವನ್ನು ಇಷ್ಟು ವರ್ಷ ಹೇಗೆ ಮುಟ್ಟುತ್ತಿದ್ದೆವೋ. ಕ್ರೂಸ್ ಹಡಗುಗಳಲ್ಲಿ ನೊರೊವೈರಸ್ಸಿನ ವಾಂತಿಭೇದಿ ಕೋವಿಡ್‌ಗಿಂತ ಎಷ್ಟೋ ಮೊದಲಿಂದ ಇದ್ದದ್ದೇ.

ರಾತ್ರಿ ಥಿಯೇಟರಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಕೂರಿಸಿದರು. ಹಾಡುಗಾರ್ತಿ ನಡುವೆ ನಿಲ್ಲಿಸಿ, ಹದಿನೆಂಟು ತಿಂಗಳು ಮನೆಯ ಗೋಡೆಗೆ ಹಾಡಿದೆ ಅಂದಳು. ಅಷ್ಟು ಕಡಿಮೆ ಜನ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದನ್ನು ನಾನು ಕೇಳಿಲ್ಲ.

ಆದರೆ ಇವತ್ತು ಬರೆಯಬೇಕಾದ್ದು ನಮ್ಮ ಕ್ಯಾಬಿನ್ ನೋಡಿಕೊಳ್ಳುವವನ ಬಗ್ಗೆ. ಫಿಲಿಪ್ಪೀನ್ಸಿನವನು. ಮಾಸ್ಕಿನ ಮೇಲೆ ಕಾಣುವುದು ಎರಡು ಕಣ್ಣು ಮಾತ್ರ. ಮೊದಲಿನ ಹಾಗೆ ಹಡಗು ತುಂಬಿದ್ದರೆ ಅವನಿಗೆ ನಿಂತು ಮಾತಾಡಲು ಪುರುಸೊತ್ತು ಎಲ್ಲಿ? ಇವತ್ತು ಅಮ್ಮ ಕೇಳಿದಳು, "ಎಲ್ಲ ನಿಂತುಹೋದಾಗ ಎಲ್ಲಿದ್ದೆಯಪ್ಪಾ?"

ಹಡಗಿನಲ್ಲೇ ಇದ್ದನಂತೆ. ಪ್ರಯಾಣಿಕರು ಇಳಿದ ಮೇಲೆ ಸಿಬ್ಬಂದಿಗೆ ಇಳಿಯಲು ಬಿಡಲಿಲ್ಲ. ಬಂದರುಗಳು ಮುಚ್ಚಿದ್ದವು, ವಿಮಾನ ಇರಲಿಲ್ಲ. ಕೆಳಗಿನ ಡೆಕ್ಕಿನಲ್ಲಿ ಇಬ್ಬಿಬ್ಬರು ಇರುವ ಕೋಣೆಗಳಿಂದ ಅವರನ್ನು ಎಬ್ಬಿಸಿ, ದೂರ ದೂರ ಇರಲಿ ಅಂತ ಪ್ರಯಾಣಿಕರ ಕ್ಯಾಬಿನ್‌ಗಳಲ್ಲಿ ಒಬ್ಬೊಬ್ಬರನ್ನೇ ಇರಿಸಿದರು. ಒಂಬತ್ತು ವರ್ಷ ಬಾಲ್ಕನಿ ಕ್ಯಾಬಿನ್‌ಗಳ ಹಾಸಿಗೆ ಹಾಸಿದವನು ಮೊದಲ ಸಲ ಅಂಥ ಹಾಸಿಗೆಯಲ್ಲಿ ಮಲಗಿದ. "ಮೊದಲ ವಾರ ಚೆನ್ನಾಗಿತ್ತು" ಅಂದ. ಆಮೇಲೆ ನಿದ್ದೆ ಬರಲಿಲ್ಲವಂತೆ.

ಹಡಗನ್ನು ಮನೆಯ ಹಾಗೆ ಬೀಗ ಹಾಕಿ ಬಿಡಲು ಆಗುವುದಿಲ್ಲ. ಜನರೇಟರ್ ಓಡುತ್ತಿರಬೇಕು, ಎಸಿ ಓಡುತ್ತಿರಬೇಕು. ಸಾವಿರಕ್ಕೂ ಜಾಸ್ತಿ ಖಾಲಿ ಕ್ಯಾಬಿನ್‌ಗಳ ನಲ್ಲಿಗಳನ್ನು ಆಗಾಗ ಬಿಟ್ಟು ನಿಲ್ಲಿಸಬೇಕು, ಇಲ್ಲದಿದ್ದರೆ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತೆ. ಆ ಕೆಲಸ ಇವನದು. ಒಂದೊಂದು ಬಾಗಿಲು ತೆಗೆದು, ನಲ್ಲಿ ಬಿಟ್ಟು, ಐದು ನಿಮಿಷ ಆ ಸದ್ದು ಕೇಳುತ್ತಾ ನಿಂತು, ಮುಂದಿನ ಬಾಗಿಲಿಗೆ.

ಕೊನೆಗೆ ಹಡಗೇ ಅವರನ್ನು ಊರಿಗೆ ಕರೆದುಕೊಂಡು ಹೋಯಿತು. ಸಾಗರಗಳನ್ನು ದಾಟಿ, ಒಂದು ತಿಂಗಳಿಗೂ ಮೇಲೆ. ಮನಿಲಾ ಕೊಲ್ಲಿಗೆ ಬಂದು ನೋಡಿದರೆ ಅಲ್ಲಿ ಆಗಲೇ ಹಡಗುಗಳ ಗುಂಪು, ಎಲ್ಲವೂ ಪರೀಕ್ಷೆಗೆ ಕಾಯುತ್ತಾ ಲಂಗರು ಹಾಕಿದ್ದವು. ರಾತ್ರಿ ಅವನ ಊರಿನ ದೀಪಗಳು ಕಾಣುತ್ತಿದ್ದವು. ಇಳಿಯುವಂತಿಲ್ಲ. ಮೂರು ವಾರ.

ಅವನು ಹೋದ ಮೇಲೆ ಅಮ್ಮ ಬಾಲ್ಕನಿಯಲ್ಲಿ ಬಹಳ ಹೊತ್ತು ಕೂತಿದ್ದಳು. ನಾನೂ ಮಾತಾಡಿಸಲಿಲ್ಲ.

ಅಕ್ಟೋಬರ್ 19, ಮಂಗಳವಾರ, ಕೋಸುಮೆಲ್

ಮೆಕ್ಸಿಕೋದ ದ್ವೀಪ. ನೀರು ಎಷ್ಟು ತಿಳಿ ಅಂದರೆ ಹಡಗುಕಟ್ಟೆಯಿಂದಲೇ ಮೀನು ಕಾಣುತ್ತೆ. ಹಡಗು ಬರದಿದ್ದ ತಿಂಗಳುಗಳಲ್ಲಿ ದೋಣಿಯ ಇಂಜಿನ್ ಮಾರಿ ಮನೆ ನಡೆಸಿದೆ ಅಂತ ದೋಣಿಯವನೊಬ್ಬ ಹೇಳಿದ. ಈಗ ಬಾಡಿಗೆ ಇಂಜಿನ್. ಕಾಲು ನೋವು ಅಂತ ಅಮ್ಮ ಬೇಗ ವಾಪಸ್ ಬಂದಳು.

ಅಕ್ಟೋಬರ್ 20, ಬುಧವಾರ, ಸಮುದ್ರದಲ್ಲಿ

ಬೆಳಗ್ಗೆ ಏಳಕ್ಕೆ ಕ್ಯಾಬಿನ್ನಿನ ಫೋನ್ ಹೊಡೆದುಕೊಂಡಿತು. ಸೋಮವಾರ ಥಿಯೇಟರಿನಲ್ಲಿ ನಮ್ಮ ಹತ್ತಿರ ಕೂತಿದ್ದ ಒಬ್ಬರಿಗೆ ಪಾಸಿಟಿವ್. ನೀವಿಬ್ಬರೂ ಹೊರಗೆ ಬರಬೇಡಿ, ಪರೀಕ್ಷೆ ಮಾಡಲು ಬರುತ್ತೇವೆ ಅಂದರು.

ಕೈ ತಣ್ಣಗಾಯಿತು. ಜಾಸ್ತಿ ದುಡ್ಡು ಕೊಟ್ಟು ತೆಗೆದುಕೊಂಡ ಬಾಲ್ಕನಿ ನೆನಪಾಯಿತು. ಮೇಲಿನಿಂದ ಕೆಳಗಿನವರೆಗೆ ನಿಲುವಂಗಿ ಹಾಕಿದ ಇಬ್ಬರು ಬಂದು ಬಾಗಿಲಲ್ಲೇ ಮಾದರಿ ತೆಗೆದುಕೊಂಡು ಹೋದರು. ಪರೀಕ್ಷೆಯ ಯಂತ್ರ ಹಡಗಿನಲ್ಲೇ ಇದೆ, ಅದಿಲ್ಲದೆ ಈಗ ಹಡಗು ಹೊರಡುವಂತಿಲ್ಲ. ಸೋಂಕು ಬಂದವರನ್ನು ಇರಿಸಲು ಒಂದು ಕಡೆ ಕ್ಯಾಬಿನ್‌ಗಳನ್ನು ಖಾಲಿ ಬಿಟ್ಟಿದ್ದಾರೆ. 2020ರ ಫೆಬ್ರುವರಿಗೂ ಇವತ್ತಿಗೂ ಇರುವ ವ್ಯತ್ಯಾಸ ಇದೇ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೂ ಎದೆ ಹೊಡೆದುಕೊಳ್ಳುವುದು ನಿಲ್ಲಲಿಲ್ಲ. ಎರಡು ಡೋಸ್ ಆಗಿದೆ, ನಿಜ. ಆದರೂ ಅಮ್ಮನಿಗೆ 71 ಅಲ್ವಾ? ಅವಳ ಆಸೆ ಅಂತ ನಾನೇ ಕರೆದುಕೊಂಡು ಬಂದವಳು.

ಮೂರು ಗಂಟೆ ಕಾದೆವು. ನಡುವೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ಹೊರಗೆ ಕುರ್ಚಿ, ಅದರ ಮೇಲೆ ತಿಂಡಿಯ ತಟ್ಟೆ, ಬಿಸಿನೀರು. ಟವೆಲ್ ಮಡಚಿ ಮಾಡಿದ ಒಂದು ಆನೆ, ಅದರ ಸೊಂಡಿಲಿಗೆ ಪುಟ್ಟ ಮಾಸ್ಕ್. ಉದ್ದ ಕಾರಿಡಾರಿನ ಆ ತುದಿಯಲ್ಲಿ ಅವನು ನಿಂತಿದ್ದ. ಕೈ ಎತ್ತಿದ. ಅಮ್ಮ ನನ್ನ ಹಿಂದಿನಿಂದ ಬಗ್ಗಿ ನೋಡಿ ಕೈ ಎತ್ತಿದಳು.

ಇಬ್ಬರಿಗೂ ನೆಗೆಟಿವ್. ಹೊರಗೆ ಹೋಗಬಹುದು ಅಂದರು. ನಾವು ಮಧ್ಯಾಹ್ನದವರೆಗೂ ಹೋಗಲಿಲ್ಲ. ಪಾಸಿಟಿವ್ ಆದವರು ಈ ಹಡಗಿನಲ್ಲೇ, ಯಾವುದೋ ಮುಚ್ಚಿದ ಬಾಗಿಲ ಹಿಂದೆ ಇದ್ದಾರೆ. ಅವರ ಯೋಚನೆ ತಲೆಯಿಂದ ಹೋಗಲಿಲ್ಲ.

ಅಕ್ಟೋಬರ್ 21, ಗುರುವಾರ, ನಸ್ಸಾವು

ಬಹಾಮಾಸ್‌ನ ರಾಜಧಾನಿ. ಇಳಿದು ಸುಮ್ನೆ ಅರ್ಧ ಗಂಟೆ ನಡೆದು ಬಂದೆವು. ಮಳೆ. ಸಂಜೆ ಪೆಟ್ಟಿಗೆಗಳನ್ನು ಹೊರಗಿಟ್ಟೆವು.

ಅಕ್ಟೋಬರ್ 22, ಶುಕ್ರವಾರ

ಬೆಳಗ್ಗೆ ಆರಕ್ಕೆ ಮಯಾಮಿ. ಇಳಿಯುವುದಕ್ಕೂ ಗುಂಪು ಗುಂಪಾಗಿ ಸಮಯ. ನಮ್ಮ ಸರದಿ ಬರುವ ಮೊದಲು ಅವನು ಹಾಸಿಗೆಯ ಬಟ್ಟೆ ತೆಗೆದುಕೊಂಡು ಹೋಗಲು ಬಂದ. ಮಧ್ಯಾಹ್ನಕ್ಕೆ ಈ ಕ್ಯಾಬಿನ್‌ಗೆ ಬೇರೆಯವರು ಬರುತ್ತಾರೆ.

ಅಮ್ಮ ಅವನ ಕೈಗೆ ಕವರ್ ಕೊಟ್ಟಳು. ಆಮೇಲೆ, "ನಿನ್ನ ಮುಖವನ್ನೇ ನೋಡಲಿಲ್ಲವಲ್ಲಪ್ಪಾ" ಅಂದಳು. ನಾನು ಹೇಳಿ ತಿಳಿಸಿದೆ. ಅವನು ಮಾಸ್ಕ್ ತೆಗೆಯಲಿಲ್ಲ, ತೆಗೆಯುವಂತಿಲ್ಲ. ಫೋನ್ ತೆಗೆದು ಒಂದು ಫೋಟೊ ತೋರಿಸಿದ. ಮನೆಯ ಬಾಗಿಲಲ್ಲಿ ಅವನು, ಹೆಂಡತಿ, ಇಬ್ಬರು ಮಕ್ಕಳು. ನಾನಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸು. ಹಲ್ಲಿನ ನಡುವೆ ಸಂದು. ಅಮ್ಮ ಫೋನನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

ಮತ್ತೆ ಯಾವಾಗ ಮನೆಗೆ ಅಂತ ಕೇಳಿದೆ.

"ಮಾರ್ಚ್‌ನಲ್ಲಿ," ಅಂದ. "ಈ ಸಲ ವಿಮಾನದಲ್ಲಿ."