ಗಂಟೆ ಮೇಷ್ಟ್ರ ಬಲ್ಬು

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂತು. ವಿಜ್ಞಾನದ ಮೇಷ್ಟ್ರು ಹೋಗಿಬಿಟ್ಟರು ಅನ್ನೋ ಸುದ್ದಿಯೂ ಅದೇ ಫೋನಿನಲ್ಲಿ ಬಂತು. ಈಗಿನ ಮಕ್ಕಳಿಗೆ ಅವರು ಗೊತ್ತಿರಲಿಕ್ಕಿಲ್ಲ. ನಮಗೆ ಅವರು ಗಂಟೆ ಮೇಷ್ಟ್ರು. ಕರೆಂಟ್ ನೆಚ್ಚಿಕೊಂಡರೆ ಈ ಊರಲ್ಲಿ ಸ್ಕೂಲು ಬಿಡೋದೇ ಇಲ್ಲ ಅಂತ, ಹಳೇ ಲಾರಿ ಬ್ಯಾಟರಿ ತಂದು ಹೆಡ್‌ಮೇಷ್ಟ್ರ ರೂಮಿನ ಮುಂದೆ ಎಲೆಕ್ಟ್ರಿಕ್ ಬೆಲ್ ಕೂರಿಸಿದವರು.

ಆ ಬೆಲ್ಲಿನ ವೈರು ನಮ್ಮ ಕ್ಲಾಸಿನ ಕಿಟಕಿ ಪಕ್ಕದಲ್ಲೇ ಹಾದುಹೋಗುತ್ತಿತ್ತು. ನನಗೂ ನನ್ನ ಬೆಂಚಿನವನಿಗೂ ಅಷ್ಟು ಸಾಕಿತ್ತು. ಬ್ಲೇಡಿನಲ್ಲಿ ವೈರು ಹೆರೆದು, ಎರಡು ಎಳೆ ಬೆಂಚಿನ ಕೆಳಗೆ ತಂದುಕೊಂಡೆವು. ಶನಿವಾರ ಗಣಿತದ ಪೀರಿಯಡ್ ಅರ್ಧಕ್ಕೆ ಬಂದಾಗ ತುದಿಗಳನ್ನು ತಾಗಿಸಿದೆ. ಶಾಲೆಗೆ ಶಾಲೆಯೇ ಖಾಲಿ!

ಸೋಮವಾರ ಮೇಷ್ಟ್ರು ಬೆತ್ತ ತರಲಿಲ್ಲ. ಎರಡು ತುಂಡು ವೈರು ಬೆಸೆದ ಲಾರಿ ಬಲ್ಬು ಹಿಡಿದು ಬಂದರು. ವೈರಿನ ಜಾಡು ಹಿಡಿದು ನೇರ ನಮ್ಮ ಬೆಂಚಿಗೇ ಬಂದು ನಿಂತರು. ‘ಜಾಯಿಂಟ್ ಚೆನ್ನಾಗಿದೆ ಕಣೋ, ಟೇಪ್ ಯಾಕೆ ಸುತ್ತಿಲ್ಲ?’ ಅಂದರು. ನಮ್ಮ ಕೈಯಲ್ಲೇ ಬಿಚ್ಚಿಸಿದರು. ಬ್ಯಾಟರಿ ತೆಗೆದಿದ್ದೀನಿ ಸಾರ್ ಅಂದೆ. ‘ಬಾಯಲ್ಲಿ ಹೇಳ್ಬೇಡ, ಬಲ್ಬ್ ಇಟ್ಟು ತೋರ್ಸು.’ ಇಟ್ಟೆ, ಉರಿಯಲಿಲ್ಲ. ‘ಬಲ್ಬೇ ಸುಟ್ಟಿದ್ರೆ?’ ಅಂದರು. ಬ್ಯಾಟರಿ ಹತ್ತಿರ ಓಡಿ, ಬಲ್ಬು ಉರಿಯುತ್ತೆ ಅಂತ ತೋರಿಸಿ, ಮತ್ತೆ ಬಂದು ವೈರಿಗೆ ಇಡಬೇಕಾಯಿತು. ಹತ್ತನೇ ಕ್ಲಾಸಿನ ಪಾಠ ಇನ್ನೊಂದೂ ನೆನಪಿಲ್ಲ.

ಪಿಯುಸಿ ಆದಮೇಲೆ ಏರ್‌ಫೋರ್ಸ್ ಸೇರಿ ಟ್ರೈನಿಂಗಿಗೆ ಬೆಳಗಾವಿಯ ಸಾಂಬ್ರಾಕ್ಕೆ ಹೋದೆ. ಆಮೇಲೆ ವೆಪನ್ ಫಿಟ್ಟರ್, ಅಂದರೆ ವಿಮಾನಕ್ಕೆ ಆಯುಧ ಏರಿಸುವವನು, ಆಗಿ ಮಿಗ್-21 ಯುದ್ಧವಿಮಾನದ ಕೆಳಗೇ ವಯಸ್ಸು ಕಳೆಯಿತು. ಆರ್-60 ಅನ್ನೋ ಕ್ಷಿಪಣಿ ಸುಮಾರು 44 ಕಿಲೋ, ಕೈಯಲ್ಲೇ ಎತ್ತಿ ರೆಕ್ಕೆಯ ಕೆಳಗಿನ ಲಾಂಚರಿಗೆ ಜಾರಿಸಬಹುದು. ಎತ್ತುವುದು ದೊಡ್ಡ ವಿಷಯ ಅಲ್ಲ. ಅದಕ್ಕೆ ಮೊದಲು ವಿಮಾನಕ್ಕೆ ಅರ್ತ್ ಕೊಡಬೇಕು, ಕಾಕ್‌ಪಿಟ್ಟಿನ ಆಯುಧದ ಸ್ವಿಚ್ಚೆಲ್ಲ ಆಫ್ ಇವೆಯಾ ನೋಡಬೇಕು. ಆಮೇಲೂ ಸುಮ್ನೆ ನಂಬುವ ಹಾಗಿಲ್ಲ. ಲಾಂಚರಿನ ಪ್ಲಗ್ಗಿಗೆ ಟೆಸ್ಟರ್ ಹಾಕಿ, ಕಳ್ಳ ಕರೆಂಟ್ ಬರ್ತಿದೆಯಾ ಅಂತ ಅಳೆಯಬೇಕು. ಅದನ್ನು ಸ್ಟ್ರೇ ವೋಲ್ಟೇಜ್ ಅಂತೀವಿ. ರಾಕೆಟ್ ಮೋಟರಿಗೆ ಬೆಂಕಿ ಹಚ್ಚುವುದೂ ಕರೆಂಟೇ ಅಲ್ವಾ! ಟೆಸ್ಟರ್ ಸರಿಯಿದೆಯಾ ಅಂತ ಮೊದಲೇ ನೋಡಿಕೊಳ್ಳಬೇಕು. ಟ್ರೈನಿಂಗಿನಲ್ಲಿ ಇದನ್ನು ಹೇಳಿಕೊಟ್ಟಾಗ ನನಗೆ ನಗು ಬಂತು. ಯಾಕೆ ಅಂತ ಯಾರಿಗೂ ಹೇಳಲಿಲ್ಲ.

1967ರ ಜುಲೈ 29ರಂದು ಅಮೆರಿಕದ ವಿಮಾನವಾಹಕ ಹಡಗು ಫಾರೆಸ್ಟಲ್ ಮೇಲೆ ಆದದ್ದನ್ನೂ ನಮ್ಮ ಕೆಲಸದವರು ಮರೆಯಬಾರದು. ಹೊರಗಿನ ಪವರಿನಿಂದ ಎಂಜಿನ್ ಪವರಿಗೆ ಬದಲಾಯಿಸುವಾಗ ಕರೆಂಟ್ ಚಿಮ್ಮಿ, ಒಂದು ಫ್ಯಾಂಟಮ್ ವಿಮಾನದ ಝೂನಿ ರಾಕೆಟ್ ತಾನಾಗೇ ಹಾರಿತು. ರಾಕೆಟ್ಟಿಗೆ ಕರೆಂಟ್ ಕೊಡುವ, ಕೊನೆಗೆ ಚುಚ್ಚಬೇಕಿದ್ದ ಪ್ಲಗ್ ಮೊದಲೇ ಚುಚ್ಚಿದ್ದರು. ಬೆಂಕಿಯಲ್ಲಿ ಸತ್ತವರು 134 ಜನ.

ತಮಾಷೆಯ ಕೆಲಸವೂ ಇತ್ತು. ಈ ಕ್ಷಿಪಣಿ ಶಾಖ ಹುಡುಕಿಕೊಂಡು ಹೋಗುವಂಥದ್ದು. ಸಿಡಿತಲೆ, ಮೋಟರ್ ಇಲ್ಲದ ತರಬೇತಿ ಕ್ಷಿಪಣಿಯ ಮೂತಿಯ ಮುಂದೆ ಬಿಸಿ ದೀಪ ಆಡಿಸಿದರೆ ಕಾಕ್‌ಪಿಟ್ಟಿನಲ್ಲಿ ಕೂತವನ ಕಿವಿಗೆ ಗುರ್ ಅನ್ನೋ ಸದ್ದು. ಸದ್ದು ಬಂತಾ, ಕಣ್ಣು ಚೆನ್ನಾಗಿದೆ ಅಂತ ಲೆಕ್ಕ.

1999ರ ಆಗಸ್ಟ್ 10ರಂದು ಕಛ್ ಗಡಿಯಲ್ಲಿ ಪಾಕಿಸ್ತಾನದ ಅಟ್ಲಾಂಟಿಕ್ ವಿಮಾನವನ್ನು ಉರುಳಿಸಿದ್ದು ಮಿಗ್-21 ಬಿಟ್ಟ ಆರ್-60. ಅದನ್ನು ಏರಿಸಿದ್ದು ನಾನಲ್ಲ, ಆದರೂ ನಮ್ಮ ಟ್ರೇಡಿನವರೇ. ಊರಿಗೆ ಬಂದಾಗ ಕೇಳಿದವರಿಗೆಲ್ಲ ಸ್ವಲ್ಪ ಜಾಸ್ತಿಯೇ ಎದೆಯುಬ್ಬಿಸಿ ಹೇಳಿದ್ದೇನೆ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳುವುದನ್ನು ಟಿವಿಯಲ್ಲಿ ನೋಡಿದೆ. ಹೆಂಡತಿ ಕಾಫಿ ತಣ್ಣಗಾಯ್ತು ಅಂತ ಬೈದಳು.

ಕಳೆದ ಸಲ ಶಾಲೆಗೆ ಬಂದಾಗ ಲ್ಯಾಬ್ ನೋಡಿದೆ. ಬೀರುವಿಗೆ ಬೀಗ. ಮಕ್ಕಳು ಸರ್ಕ್ಯೂಟನ್ನು ಪರದೆ ಮೇಲೆ ನೋಡಿ, ನೋಟ್ಸ್ ಬರೆದು, ಅಂಕವನ್ನೂ ಚೆನ್ನಾಗಿಯೇ ತೆಗೆಯುತ್ತಾರೆ. ಒಬ್ಬ ಹುಡುಗನ ಕೈಗೆ ಎರಡು ವೈರು ಕೊಟ್ಟೆ. ಏನು ಮಾಡಬೇಕು ಅಂತ ಮೇಡಂ ಮುಖ ನೋಡಿದ. ತಪ್ಪು ಅವನದಲ್ಲ ಬಿಡಿ.

ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಇನ್ನೊಂದು ಸ್ಮಾರ್ಟ್ ಬೋರ್ಡ್ ಕೊಡಿಸುವ ಮಾತು ನಡೆದಿದೆಯಂತೆ. ಅದಕ್ಕೂ ನನ್ನ ಪಾಲು ಕೊಡುತ್ತೇನೆ. ಆದರೆ ಬ್ಯಾಟರಿ, ಬಲ್ಬು, ವೈರು, ಹತ್ತು ಮಲ್ಟಿಮೀಟರು ನನ್ನ ಖರ್ಚಿನಲ್ಲೇ ಬರುತ್ತವೆ. ಬೀರುವಿಗೆ ಬೀಗ ಹಾಕಬಾರದು, ಅದೊಂದೇ ಷರತ್ತು. ದಾನಿಗಳ ಫಲಕದಲ್ಲಿ ಮೇಷ್ಟ್ರ ಹೆಸರು ಬರೆಸಿ. ಕೆಳಗೆ ಸಣ್ಣದಾಗಿ ನನ್ನದೂ ಇದ್ದರೆ ಬೇಡ ಅನ್ನುವುದಿಲ್ಲ.