ತೆಳು ಲ್ಯಾಪ್‌ಟಾಪ್ ಮತ್ತು ಒಂದು ಗಂಟೆಯ ವಿಡಿಯೊ

ಪಾಠದ ವಿಡಿಯೊಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ಬರೆಯುವುದು, ಧ್ವನಿ ಸೇರಿಸುವುದು, ಕತ್ತರಿಸಿ ಜೋಡಿಸುವುದು ಎಲ್ಲವೂ ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತದೆ. ಹಿಂದೆ ಇದ್ದದ್ದು ಎರಡೂವರೆ ಕಿಲೋ ತೂಗುತ್ತಿತ್ತು, ಈಗಿನದು 1.2 ಕಿಲೋ. ಮೊದಲೆಲ್ಲ ಕೆಲಸವಿದ್ದರೆ ಮಾತ್ರ ಹೊರುತ್ತಿದ್ದೆ. ಈಗ ಅದು ಯಾವಾಗಲೂ ಚೀಲದಲ್ಲಿರುತ್ತದೆ, ಹಾಗಾಗಿ ಎಲ್ಲಿ ಅರ್ಧ ಗಂಟೆ ಸಿಕ್ಕಿದರೂ ಕೆಲಸ ಶುರುವಾಗುತ್ತದೆ.

ಆ ದಿನವೂ ಹಾಗೆಯೇ. ಬೆಳಿಗ್ಗೆ ರೈಲಿನಲ್ಲಿ ಮುಚ್ಚಳ ಎತ್ತಿದ ಕೂಡಲೇ ಪರದೆ ಬೆಳಗಿತು, ಹಿಂದಿನ ರಾತ್ರಿ ಬಿಟ್ಟ ಸಾಲಿನಲ್ಲೇ ಕರ್ಸರ್ ಮಿನುಗುತ್ತಿತ್ತು. ತೊಡೆಯ ಮೇಲೆ ಇಟ್ಟುಕೊಂಡು ಪಾಠದ ಕೊನೆಯ ಭಾಗ ಬರೆದು ಮುಗಿಸಿದೆ. ಕೀಲಿಗಳು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಮಾತ್ರ ಒಳಗಿಳಿಯುತ್ತವೆ. ಮೆಲ್ಲಗೆ ಒತ್ತಲು ಬೆರಳಿಗೆ ರೂಢಿಯಾದ ಮೇಲೆ ನನಗೆ ಇದೇ ಹಿತ. ಇಳಿಯುವ ಮುನ್ನ ಹೈಬರ್ನೇಟ್ ಮಾಡಿಯೇ, ಅಂದರೆ ತೆರೆದ ಕೆಲಸವನ್ನು ಡಿಸ್ಕಿಗೆ ಉಳಿಸಿ ಯಂತ್ರವನ್ನು ಪೂರ್ತಿ ಆರಿಸಿಯೇ, ಚೀಲಕ್ಕೆ ಹಾಕುತ್ತೇನೆ. ಬರೀ ಸ್ಲೀಪ್‌ನಲ್ಲಿ ಬಿಟ್ಟರೆ ಈಗಿನ ಎಷ್ಟೋ ಯಂತ್ರಗಳು ಒಳಗೊಳಗೇ ಎಚ್ಚರಗೊಂಡು, ಮುಚ್ಚಿದ ಚೀಲದಲ್ಲಿ ಕಾದು, ಬ್ಯಾಟರಿ ಖಾಲಿ ಮಾಡಿಕೊಳ್ಳುತ್ತವೆ.

ಮಧ್ಯಾಹ್ನದ ಸಭೆಯಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಲು ಹಬ್, ಅಂದರೆ ಒಂದು ಕಿಂಡಿಯಿಂದ ಹಲವು ಬಗೆಯ ಕಿಂಡಿಗಳನ್ನು ಕೊಡುವ ಸಾಧನ, ಬೇಕಾಯಿತು. ನನ್ನದರಲ್ಲಿ ಇರುವುದು ಎರಡು ಟೈಪ್-ಸಿ ಕಿಂಡಿಗಳು ಮಾತ್ರ. ನೆಟ್‌ವರ್ಕ್ ಕೇಬಲ್ಲಿನ ಕಿಂಡಿಯಂತೂ ಯಂತ್ರದ ಅಂಚಿಗಿಂತಲೇ ಎತ್ತರ, ಅದನ್ನು ಕೂರಿಸಲು ಜಾಗವೇ ಇಲ್ಲ. ಇದು ಇಂದಿನ ಸಂಗತಿಯಲ್ಲ. 2008ರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಲಕೋಟೆಯಿಂದ ಹೊರತೆಗೆದು ತೋರಿಸಿದ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲಿಯೂ ಯುಎಸ್‌ಬಿ ಕಿಂಡಿ ಇದ್ದದ್ದು ಒಂದೇ. ಹಬ್ ಚಿಕ್ಕದು, ಅದು ನನಗೆ ಭಾರವಲ್ಲ.

ಯಂತ್ರದ ನಿಜವಾದ ಸ್ವಭಾವ ತಿಳಿದದ್ದು ಸಂಜೆ. ಒಂದು ಗಂಟೆಯ ವಿಡಿಯೊವನ್ನು ರೆಂಡರ್ ಮಾಡಿ, ಅಂದರೆ ಜೋಡಿಸಿದ ತುಣುಕುಗಳನ್ನೆಲ್ಲ ಒಂದೇ ಕಡತವಾಗಿಸಿ, ರಾತ್ರಿಯೊಳಗೆ ಕಳುಹಿಸಬೇಕಿತ್ತು. ಮೊದಲಿಗೆ ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ಸರಸರನೆ ಓಡಿತು, ಉಳಿದಿರುವ ಸಮಯ ನೋಡಿ ಖುಷಿಯಾಯಿತು. ಸ್ವಲ್ಪ ಹೊತ್ತಿನಲ್ಲೇ ಫ್ಯಾನಿನ ಸದ್ದು ಏರಿತು, ಕೀಲಿಮಣೆಯ ಮೇಲ್ಭಾಗ ಬೆಚ್ಚಗಾಯಿತು, ಓಟ ನಿಧಾನವಾಯಿತು. ಉಳಿದ ಸಮಯ ಇಳಿಯುವ ಬದಲು ಏರತೊಡಗಿತು.

ಕಾರಣ ಸರಳ. ಇಂಥ ಯಂತ್ರಗಳ ಪ್ರೊಸೆಸರ್ ಸಾಮಾನ್ಯವಾಗಿ 15 ವ್ಯಾಟ್ ಆಸುಪಾಸಿನಲ್ಲಿ ಸತತವಾಗಿ ದುಡಿಯಲು ರೂಪುಗೊಂಡದ್ದು. ಅಲ್ಪ ಕಾಲ ಅದರ ಎರಡು ಪಟ್ಟಿಗೂ ಮಿಗಿಲಾಗಿ ವಿದ್ಯುತ್ ಎಳೆದುಕೊಂಡು ಚುರುಕಾಗಿ ಓಡಬಲ್ಲದು. ಕಡತ ತೆರೆಯುವುದು, ಪುಟ ಬಿಚ್ಚುವುದು ಎಲ್ಲ ಆ ಅಲ್ಪ ಕಾಲದಲ್ಲೇ ಮುಗಿಯುವುದರಿಂದ ದಿನವಿಡೀ ಅದು ದೊಡ್ಡ ಯಂತ್ರದಷ್ಟೇ ವೇಗವಾಗಿ ಕಾಣುತ್ತದೆ. ರೆಂಡರಿಂಗ್ ಹಾಗಲ್ಲ, ಬಿಡುವಿಲ್ಲದೆ ದುಡಿಸುತ್ತದೆ. ಶಾಖ ಹೊರಹಾಕಲು ಇರುವುದು ಒಂದು ಕಿರಿದಾದ ಹೀಟ್ ಪೈಪ್, ಅಂಗೈಗಿಂತ ಚಿಕ್ಕ ಫ್ಯಾನ್. ಬಿಸಿ ಮಿತಿ ಮುಟ್ಟಿದಾಗ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಓಡಿ ಬಂದವರು ನಿಂತು ಉಸಿರು ತೆಗೆದುಕೊಳ್ಳುವಂತೆ.

ಹಾಗಾದರೆ ಉಸಿರಾಡಲು ಬಿಡಬೇಕು ಅನ್ನಿಸಿತು. ಗಾಳಿ ಒಳಹೋಗುವ ಸೀಳುಗಳು ಅಡಿಯಲ್ಲಿವೆ; ಮೇಜಿಗೂ ಅವಕ್ಕೂ ನಡುವೆ ಇದ್ದದ್ದು ರಬ್ಬರ್ ಕಾಲುಗಳಷ್ಟೇ ಎತ್ತರ. ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತರಿಸಿದೆ. ಚಾರ್ಜರ್ ಹಚ್ಚಿ ಪವರ್ ಮೋಡ್ ಬದಲಿಸಿದೆ. ಬ್ರೌಸರ್ ಮುಚ್ಚಿದೆ, ಮುಚ್ಚಳ ಮಾತ್ರ ತೆರೆದೇ ಬಿಟ್ಟೆ, ಏಕೆಂದರೆ ಬಿಸಿಗಾಳಿ ಹೊರಬರುವುದು ಮುಚ್ಚಳ ಮಡಚುವ ಕೀಲಿನ ಬಳಿ. ವೇಗ ಮೊದಲ ನಿಮಿಷದ ಮಟ್ಟಕ್ಕೆ ಮರಳಲಿಲ್ಲ, ಆದರೆ ಕುಸಿಯುವುದು ನಿಂತಿತು. ನಾನು ಊಟ ಮಾಡಿ ಬರುವಷ್ಟರಲ್ಲಿ ಕಡತ ಸಿದ್ಧವಾಗಿತ್ತು.

ನನಗೆ ನಿಜಕ್ಕೂ ಬೇಸರವಿರುವುದು ಬಿಸಿಯ ಬಗ್ಗೆ ಅಲ್ಲ, ತೆರೆದಿರುವ ಕೆಲಸವನ್ನು ಆಗಿನ ಮಟ್ಟಿಗೆ ಹಿಡಿದಿಡುವ ಮೆಮೊರಿಯಾದ ರ್‍ಯಾಮ್ ಬಗ್ಗೆ. ಇದರ 8 ಜಿಬಿಯನ್ನು ಮದರ್‌ಬೋರ್ಡ್‌ಗೇ ಬೆಸೆದಿದ್ದಾರೆ. ಹಳೆಯದರಲ್ಲಿ ಸ್ಕ್ರೂ ಬಿಚ್ಚಿ ಇನ್ನೊಂದು ಪಟ್ಟಿ ಸೇರಿಸಿ ಅದರ ಆಯಸ್ಸನ್ನು ಹೆಚ್ಚಿಸಿದ್ದೆ. ಇದರಲ್ಲಿ ಆ ದಾರಿಯೇ ಇಲ್ಲ. ಮಿಕ್ಕ ಭಾಗಗಳೆಲ್ಲ ಚೆನ್ನಾಗಿರುವಾಗಲೇ ಒಂದು ಯಂತ್ರ ಹಳತಾಗಿಬಿಡುವುದು ನನಗೆ ಅನ್ಯಾಯವೆನಿಸುತ್ತದೆ.

ಮರುದಿನ ಸಹೋದ್ಯೋಗಿಯೊಬ್ಬರು ವಿಡಿಯೊ ನೋಡಿ, "ಇಂಥದ್ದನ್ನೇ ಕೊಳ್ಳಬಹುದೇ?" ಎಂದು ಕೇಳಿದರು. "ನೀವು ದಿನವೂ ರೆಂಡರ್ ಮಾಡುವವರಾದರೆ ಬೇಡ, ದಪ್ಪದ್ದನ್ನೇ ತೆಗೆದುಕೊಳ್ಳಿ. ಬರೆಯುವುದು, ಓಡಾಡುವುದು ಹೆಚ್ಚಿದ್ದರೆ ಧೈರ್ಯವಾಗಿ ಕೊಳ್ಳಿ, ಆದರೆ ಮೊದಲೇ 16 ಜಿಬಿ ಇರುವುದನ್ನು ನೋಡಿ" ಎಂದೆ. ಅವರು ಓಡಾಡುವವರು. ಅದನ್ನೇ ಬರೆದುಕೊಂಡು ಹೋದರು.